ಸಿಪಾಯಿಯ ಬೆನ್ನ ಮೇಲಿನ ಹೊರೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಚೀಲ, ಪಟ್ಟಿ, ಹೊಲಿಗೆಗಳ ವಿಷಯ ಮಾತನಾಡುವವರನ್ನು ತಾವು ಈ ಮೊದಲು ಕಂಡಿರಲಾರಿರಿ. ಕಾರ್ಯದರ್ಶಿಗಳು ಬಂದು ಕೇಳಿದಾಗ ನಾವೂ ಹಿಂಜರಿದೆವು. ನಾವು ಸಾಹಿತಿಗಳಲ್ಲ. ಈ ಊರಿನಲ್ಲಿ ಪಟ್ಟಿ ನೇಯುವ, ಚೀಲ ಹೊಲಿಸುವ ಉದ್ಯೋಗದಲ್ಲಿ ಕೂದಲು ನರೆಸಿಕೊಂಡ ಮೂವರು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಕುಂದಾಪುರದವರು, ಇನ್ನೊಬ್ಬರು ಸೋಲಾಪುರದಲ್ಲಿ ಹುಟ್ಟಿ ಬೆಳೆದ ಕನ್ನಡಿಗರು. ಮೂವರ ಪರವಾಗಿ ಒಬ್ಬರು ಮಾತನಾಡುತ್ತಿರುವುದರಿಂದ ‘ನಾವು’ ಎಂದಾಗ ಅದು ದೊಡ್ಡಸ್ತಿಕೆಯ ನಾವು ಅಲ್ಲ, ಲೆಕ್ಕದ ನಾವು ಎಂದು ತಿಳಿಯಬೇಕು.

ನವೆಂಬರ್ ಒಂದರ ಉತ್ಸವದಲ್ಲಿ ಸೈನ್ಯದ ಮಾತು ಏಕೆ ಎಂದರೆ ಅದಕ್ಕೂ ನಮ್ಮಲ್ಲಿ ಉತ್ತರವುಂಟು. 1956ರಲ್ಲಿ ಕನ್ನಡನಾಡು ಒಂದಾದುದಕ್ಕೆ ಸರಿಯಾಗಿ ಎಂಟು ವರ್ಷ ಮೊದಲು, 1948ರ ನವೆಂಬರ್ 1ರಂದು, ಕೊಡಗಿನ ತಿಮ್ಮಯ್ಯನವರು ಕಾಶ್ಮೀರದ ಜೋಜಿಲಾ ಕಣಿವೆಮಾರ್ಗದಲ್ಲಿ ಟ್ಯಾಂಕುಗಳನ್ನು ನುಗ್ಗಿಸಿದರು. ಹನ್ನೊಂದು ಸಾವಿರ ಅಡಿಗೂ ಮಿಕ್ಕ ಆ ಎತ್ತರಕ್ಕೆ ಟ್ಯಾಂಕು ಏರೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ಏರಿಸಿದ ಬಗೆ ಹೇಗೆಂದರೆ, ಸ್ಟುವರ್ಟ್ ಜಾತಿಯ ಆ ಹಗುರ ಟ್ಯಾಂಕುಗಳ ಭಾಗಗಳನ್ನು ಬಿಚ್ಚಿ, ಸೇತುವೆಗಳನ್ನು ಎಳೆದು ದಾಟಿಸಿ, ಗುಟ್ಟಾಗಿ ಸಾಗಿಸಿ, ಬೇಕಾದ ಜಾಗದಲ್ಲಿ ಮತ್ತೆ ಜೋಡಿಸಿದರು. ಹೇಸರಗತ್ತೆಗಳ ಕಾಲುದಾರಿಯನ್ನು ಅಗಲಿಸಿ ಗಾಡಿಯ ದಾರಿಯಾಗಿ ಮಾಡಿದವರು ಮದರಾಸ್ ಸ್ಯಾಪರ್ಸ್ ದಳದವರು. ಹೆಸರಿಗೆ ಮದರಾಸಾದರೂ ಅವರ ಮನೆ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ.

ಬಿಚ್ಚಿ ಒಯ್ದು, ಬೇಕಾದಲ್ಲಿ ಬೇಕಾದಂತೆ ಜೋಡಿಸುವ ಈ ಉಪಾಯವೇ ಇಂದಿನ ನಮ್ಮ ವಿಷಯ. ಟ್ಯಾಂಕನ್ನು ಬಿಚ್ಚಬಹುದು, ಸಿಪಾಯಿಯನ್ನು ಬಿಚ್ಚುವ ಹಾಗಿಲ್ಲ. ಅವನ ಮೈಮೇಲಿನ ಸಜ್ಜನ್ನು ಮಾತ್ರ ಬಿಚ್ಚಬಹುದು. ಕಾಡತೂಸಿನ ಚೀಲ, ನೀರಿನ ಬುದ್ದಲಿ, ಔಷಧದ ಪೆಟ್ಟಿಗೆ, ವೈರ್‌ಲೆಸ್ಸು, ಎರಡು ದಿನದ ಬುತ್ತಿ ಇವೆಲ್ಲವನ್ನೂ ಒಂದೇ ಅಂಗಿಗೆ ಒಬ್ಬೊಬ್ಬನ ಕೆಲಸಕ್ಕೆ ತಕ್ಕಂತೆ ತೂಗುಹಾಕುವುದು, ಬೇಡವಾದಾಗ ತೆಗೆದಿಡುವುದು. ಇಂಗ್ಲಿಷಿನಲ್ಲಿ ಇದನ್ನು ಮಾಡ್ಯುಲರ್ ಎನ್ನುತ್ತಾರೆ. ನಾವು ನಮ್ಮ ಕಾರ್ಖಾನೆಯಲ್ಲಿ ಬಿಡಿಜೋಡಣೆ ಎಂದು ಕರೆಯುತ್ತಿದ್ದೆವು.

ಹೊರೆಯ ವಿದ್ಯೆ ನಮ್ಮ ಜನಕ್ಕೆ ಹೊಸದೇನಲ್ಲ. ನಮ್ಮ ಅಜ್ಜಂದಿರು ಸಂತೆಗೆ ಹೋಗುವಾಗ ಹಸಿಬೆ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದರು. ಉದ್ದನೆಯ ಒಂದೇ ಚೀಲ, ಎರಡು ತುದಿಗೂ ಎರಡು ಹೊಟ್ಟೆ, ನಡುವೆ ಬಾಯಿ. ಒಂದು ಹೊಟ್ಟೆ ಎದೆಯ ಕಡೆಗೆ, ಇನ್ನೊಂದು ಬೆನ್ನಿನ ಕಡೆಗೆ. ಮುಂದಿನ ಭಾರ ಹಿಂದಿನದನ್ನು ತೂಗಿ ನಿಲ್ಲಿಸುವುದರಿಂದ ಮನುಷ್ಯ ನೆಟ್ಟಗೆ ನಡೆಯಬಹುದಾಗಿತ್ತು. ಇದು ಹಳ್ಳಿಯ ಹಳೆಯ ಪದ್ಧತಿ ಎಂದು ನಾವು ಮುಂಬಯಿಗೆ ಬಂದ ಮೇಲೆ ಮರೆತೆವು. 1971ರಲ್ಲಿ ದತ್ತ ಮತ್ತು ರಾಮನಾಥನ್ ಎಂಬ ಇಬ್ಬರು ಭಾರತೀಯ ಸಂಶೋಧಕರು ಹೊರೆ ಹೊರುವ ಏಳು ಬಗೆಗಳನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. 30 ಕಿಲೋಗ್ರಾಮ್ ಭಾರವನ್ನು ತಲೆಯ ಮೇಲೆ, ಬೆನ್ನ ಮೇಲೆ, ಹಣೆಗೆ ಪಟ್ಟಿ ಕಟ್ಟಿ, ಅಡ್ಡೆಯಲ್ಲಿ, ಕೈಯಲ್ಲಿ, ಹೀಗೆ ಹೊರಿಸಿ ಯಾವುದರಲ್ಲಿ ಮೈಯ ಶಕ್ತಿ ಎಷ್ಟು ಖರ್ಚಾಗುತ್ತದೆಂದು ಅಳೆದರು. ಎಲ್ಲಕ್ಕಿಂತ ಅಗ್ಗವಾಗಿ ಬಿದ್ದುದು ಎದೆಗೂ ಬೆನ್ನಿಗೂ ಹಂಚಿದ ಹೊರೆ, ಅಂದರೆ ನಮ್ಮ ಹಸಿಬೆ. ಎಲ್ಲಕ್ಕಿಂತ ದುಬಾರಿ ಕೈಯಲ್ಲಿ ಹಿಡಿದ ಹೊರೆ. ಬಜಾರಿನಿಂದ ಎರಡು ಕೈಯಲ್ಲೂ ಚೀಲ ಹಿಡಿದು ದಾದರಿನ ಸೇತುವೆ ಹತ್ತುವ ನಮ್ಮ ಗೃಹಿಣಿಯರು ಈ ಫಲಿತಾಂಶವನ್ನು ಪ್ರಯೋಗಶಾಲೆಯಿಲ್ಲದೆ ಹೇಳಬಲ್ಲರು.

ತಲೆಹೊರೆಯನ್ನೂ ಕಡೆಗಣಿಸುವಂತಿಲ್ಲ. ಸಿಂಬೆಯ ಮೇಲೆ ಕೊಡ ಇಟ್ಟು ಕೈಬಿಟ್ಟು ನಡೆಯುವ ಹೆಂಗಸಿನ ಕತ್ತು, ಬೆನ್ನು, ಸೊಂಟಗಳು ಒಂದೇ ಕಂಬದಂತೆ ನಿಲ್ಲುತ್ತವೆ. ಆಫ್ರಿಕದ ಕೆನ್ಯಾ ದೇಶದ ಹೆಂಗಸರು ತಮ್ಮ ಮೈತೂಕದ ಐದರಲ್ಲೊಂದು ಪಾಲು ಭಾರವನ್ನು ತಲೆಯ ಮೇಲಿಟ್ಟು ಹೆಚ್ಚಿನ ದಣಿವಿಲ್ಲದೆ ನಡೆಯುತ್ತಾರೆಂದು 1986ರಲ್ಲಿ ಅಳೆದು ತೋರಿಸಿದರು. ಎವರೆಸ್ಟಿನ ಬುಡದ ಹಾದಿಯ ನೇಪಾಳಿ ಕೂಲಿಗಳು ಹಣೆಪಟ್ಟಿಯಲ್ಲಿ ತಮ್ಮ ಮೈತೂಕಕ್ಕೆ ಹತ್ತಿರ ಹತ್ತಿರ ಸಮನಾದ ಹೊರೆಯನ್ನು ಸಾಗಿಸುತ್ತಾರೆ. 2005ರ ಅಳತೆಯಲ್ಲಿ ಗಂಡಸರ ಸರಾಸರಿ ನೂರಕ್ಕೆ 93. ಇನ್ನು ನಮ್ಮ ಊರಿನ ಡಬ್ಬಾವಾಲರು 1890ರಿಂದ ಮಾಡುತ್ತ ಬಂದ ಕೆಲಸವನ್ನು ತಮಗೆ ವಿವರಿಸಬೇಕಾಗಿಲ್ಲ. ಉದ್ದನೆಯ ಮರದ ತಟ್ಟೆಯಲ್ಲಿ ನಲವತ್ತರ ಹತ್ತಿರ ಡಬ್ಬಿಗಳನ್ನು ಜೋಡಿಸಿ ತಲೆಯ ಮೇಲೆ ಹೊತ್ತು ರೈಲಿನ ಗುಂಪಿನಲ್ಲಿ ದಾರಿ ಬಿಡಿಸಿಕೊಳ್ಳುವ ಅವರ ಕೌಶಲವನ್ನು ದಿನವೂ ನೋಡುತ್ತಿದ್ದೇವೆ.

ಆದರೆ ಸಿಪಾಯಿಗೆ ಈ ಯಾವ ದಾರಿಯೂ ನೆಟ್ಟಗೆ ಹೊಂದುವುದಿಲ್ಲ. ಅವನ ಎರಡು ಕೈಗೂ ಬಂದೂಕಿದೆ. ಅವನು ಓಡಬೇಕು, ಗೋಡೆ ಹಾರಬೇಕು, ಬೋರಲಾಗಿ ನೆಲಕ್ಕೆ ಅಂಟಬೇಕು, ಗಾಡಿಯ ಇಕ್ಕಟ್ಟಿನಲ್ಲಿ ಕುಳಿತುಕೊಳ್ಳಬೇಕು, ಕತ್ತಲಲ್ಲಿ ಕಣ್ಣು ತೆರೆಯದೆ ಬೇಕಾದ ವಸ್ತುವಿನ ಮೇಲೆ ಕೈ ಇಡಬೇಕು. ಹೊರೆ ಹೊರುವುದು ಅವನ ಕಸುಬಲ್ಲ, ಹೊರೆ ಹೊತ್ತಿದ್ದೂ ಹೊರದವನಂತೆ ಇರುವುದು ಅವನ ಕಸುಬು.

ಈ ಕಷ್ಟವನ್ನು ಸೈನ್ಯಗಳು ಅರ್ಥ ಮಾಡಿಕೊಂಡದ್ದು ನಿಧಾನವಾಗಿ. 1914ರ ಅಕ್ಟೋಬರಿನಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಬೆಂಗಳೂರನ್ನು ಬಿಟ್ಟು ಇದೇ ಮುಂಬಯಿ ಬಂದರಿನಲ್ಲಿ ಹಡಗು ಹತ್ತಿ ಈಜಿಪ್ಟಿನ ಕಡೆಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಅವರೂ ಇದ್ದರು. ಆ ಕಾಲದ ಭಾರತೀಯ ಸಿಪಾಯಿಗೆ ಹೆಚ್ಚಾಗಿ ಸಿಗುತ್ತಿದ್ದುದು ತೊಗಲಿನ ಸಜ್ಜು. ತೊಗಲು ನೆನೆದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಇಂಗ್ಲಿಷ್ ಸಿಪಾಯಿಗಳ ತೊಗಲಿನ ಚೀಲಗಳಿಂದ ಕಾಡತೂಸುಗಳು ದಾರಿಯುದ್ದಕ್ಕೂ ಉದುರಿಹೋಗುತ್ತಿದ್ದುವಂತೆ. ಅದರ ಪಾಠವಾಗಿ 1908ರಲ್ಲಿ ದಪ್ಪ ಹತ್ತಿಯ ನೇಯ್ಗೆಯ ಪಟ್ಟಿಗಳಿಂದ ಹೊಸ ಮಾದರಿ ಬಂದಿತು. ಬರೋಸ್ ಎಂಬ ಮೇಜರನ ಕಲ್ಪನೆ ಅದು. ಅದನ್ನು ಅಂಗಿಯಂತೆ ಒಂದೇ ಸಲಕ್ಕೆ ತೊಡಬಹುದು, ಒಂದೇ ಸಲಕ್ಕೆ ಕಳಚಬಹುದು. ಎದೆಯ ಕಡೆಯ ಹತ್ತು ಸಣ್ಣ ಚೀಲಗಳಲ್ಲಿ 150 ಗುಂಡು, ಬೆನ್ನಿಗೆ ಗಂಟು. ನೋಡಿದರೆ ಅದೂ ಹಸಿಬೆಯ ನ್ಯಾಯವೇ. ಹಾಗಿದ್ದೂ 1916ರ ಸೊಮ್ಮ್ ಕದನದಲ್ಲಿ ಕಾಲಾಳಿನ ಮೇಲೆ ಸುಮಾರು 66 ಪೌಂಡು, ಅಂದರೆ 30 ಕಿಲೋ ಹೇರಿ ಕಳುಹಿಸಿದರು. ಸಜ್ಜು ಸುಧಾರಿಸಿತು, ಹೇರುವವರ ಬುದ್ಧಿ ಸುಧಾರಿಸಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

1937ರಲ್ಲಿ ಬಂದ ಮಾದರಿಯನ್ನು ತಮ್ಮಲ್ಲಿ ಹಿರಿಯರು ಕಣ್ಣಾರೆ ಕಂಡಿರಬೇಕು. ಎದೆಯ ಮೇಲೆ ಎರಡು ದೊಡ್ಡ ಚೌಕ ಚೀಲ, ಹಿತ್ತಾಳೆಯ ಕೊಂಡಿಗಳು. ಎರಡನೆಯ ಮಹಾಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, 1962ರಲ್ಲಿ ಚೀನದೊಡನೆ ಯುದ್ಧವಾದಾಗಲೂ ನಮ್ಮ ಸಿಪಾಯಿಯ ಹೆಗಲಿನ ಮೇಲಿದ್ದುದು ಅದೇ ಹತ್ತಿಯ ಸಜ್ಜು. ಹತ್ತಿ ನಮ್ಮ ಉದ್ಯೋಗದ ತಾಯಿ, ಅದರ ಮೇಲೆ ದೂರು ಹೇಳಲು ಮನಸ್ಸು ಬಾರದು. ಆದರೆ ನೀರು ಕುಡಿದ ಹತ್ತಿಪಟ್ಟಿ ಬಿಗಿದುಕೊಳ್ಳುತ್ತದೆ, ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಕೊನೆಗೆ ಕೊಳೆಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕಿಟಕಿಯ ಪಕ್ಕ ತೂಗುಹಾಕಿದ ಕ್ಯಾನ್ವಾಸ್ ಚೀಲವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಅಮೆರಿಕದವರು 1973ರಲ್ಲಿ ನೈಲಾನಿನ ಸಜ್ಜಿಗೆ ಹೋದರು. ನೈಲಾನು ಅಷ್ಟು ನೀರು ಹೀರದು, ಕೊಳೆಯದು. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆಂಬುದು ಅದರ ಪಾಪ.

ಬಿಡಿಜೋಡಣೆಯ ನಿಜವಾದ ಹೆಜ್ಜೆ ಬಿದ್ದುದು 1997ರಲ್ಲಿ. ಅಮೆರಿಕದ ನೇಟಿಕ್ ಎಂಬಲ್ಲಿಯ ಪ್ರಯೋಗಶಾಲೆಯಿಂದ ಮಾಲಿ ಎಂಬ ಪದ್ಧತಿ ಬಂದಿತು. ಅದರ ತತ್ತ್ವ ಎಷ್ಟು ಸರಳವೆಂದರೆ ನಮಗೆ ಏಕೆ ಹೊಳೆಯಲಿಲ್ಲವೆಂದು ನಾಚಿಕೆಯಾಗುತ್ತದೆ. ಅಂಗಿಯ ಮೇಲೆ ಒಂದು ಇಂಚು ಅಗಲದ ಪಟ್ಟಿಗಳನ್ನು ಅಡ್ಡಡ್ಡಲಾಗಿ, ಒಂದಕ್ಕೊಂದು ಒಂದು ಇಂಚು ಅಂತರ ಬಿಟ್ಟು, ಏಣಿಯ ಮೆಟ್ಟಿಲಿನಂತೆ ಹೊಲಿಯುವುದು. ಪ್ರತಿಯೊಂದು ಪಟ್ಟಿಯನ್ನೂ ಒಂದೂವರೆ ಇಂಚಿಗೆ ಒಂದು ಸಲ ಗಟ್ಟಿಯಾಗಿ ಅಂಗಿಗೆ ಬಿಗಿಯುವುದು. ಎರಡು ಬಿಗಿಹೊಲಿಗೆಗಳ ನಡುವೆ ಒಂದು ಪೊಳ್ಳು ಉಳಿಯುತ್ತದೆ. ಚೀಲದ ಬೆನ್ನಿಗೂ ಇದೇ ಲೆಕ್ಕದ ಪಟ್ಟಿಗಳು. ಚೀಲದ ಉದ್ದ ನಾಲಿಗೆಯನ್ನು ಅಂಗಿಯ ಪೊಳ್ಳಿನಲ್ಲಿ ಒಮ್ಮೆ, ಚೀಲದ ಪೊಳ್ಳಿನಲ್ಲಿ ಒಮ್ಮೆ, ಹೀಗೆ ಮಲ್ಲಿಗೆ ಹೆಣೆದಂತೆ ಕೆಳಗಿಳಿಸಿ ಗುಂಡಿ ಹಾಕಿದರೆ ಚೀಲ ಅಂಗಿಯ ಮೈಯ ಭಾಗವೇ ಆಗುತ್ತದೆ. ಬಂದೂಕಿನವನು ಗುಂಡಿನ ಚೀಲ ಹಾಕಲಿ, ಔಷಧದವನು ಔಷಧದ ಚೀಲ ಹಾಕಲಿ, ಎಡಗೈಯವನು ಎಡಕ್ಕೆ ಹಾಕಲಿ. ಬಿಗಿಹೊಲಿಗೆಯನ್ನು ದರ್ಜಿಗಳು ಬಾರ್‌ಟ್ಯಾಕ್ ಎನ್ನುತ್ತಾರೆ. ತಮ್ಮ ಮಕ್ಕಳ ಜೀನ್ಸಿನಲ್ಲಿ ಬೆಲ್ಟು ತೂರಿಸುವ ಕಿವಿಯ ಎರಡು ತುದಿಗಳನ್ನು ನೋಡಿದರೆ ಕಾಣುತ್ತದೆ. ಮಾಲಿಯೂ ಮೊದಲ ಸಲವೇ ಸರಿಯಾಗಿ ಬರಲಿಲ್ಲ. ಸೊಂಟದ ಪಟ್ಟಿಗೂ ಬೆನ್ನಿನ ಚೌಕಟ್ಟಿಗೂ ನಡುವೆ ಅವರು ಇಟ್ಟ ಗುಂಡುಕೀಲು ಸಿಪಾಯಿಗಳ ಬೆನ್ನಿಗೆ ಚುಚ್ಚಿತು, ಅದನ್ನು ತೆಗೆದುಹಾಕಬೇಕಾಯಿತು. ದೊಡ್ಡವರೂ ಎಡವಿದ್ದಾರೆಂಬುದು ನಮ್ಮಂಥ ಸಣ್ಣವರಿಗೆ ಸ್ವಲ್ಪ ಸಮಾಧಾನ.

ನಮ್ಮ ಗಮನ ಈ ಕಡೆಗೆ ತಿರುಗಿದ್ದು 2008ರ ನವೆಂಬರಿನಲ್ಲಿ. 26ರ ರಾತ್ರಿಯಿಂದ 29ರ ಬೆಳಗಿನವರೆಗೆ ಈ ನಗರದಲ್ಲಿ ಯಾರೂ ನಿದ್ರೆ ಮಾಡಲಿಲ್ಲ. ಛತ್ರಪತಿ ಶಿವಾಜಿ ನಿಲ್ದಾಣದಲ್ಲಿ ಹಳೆಯ .303 ಬಂದೂಕು ಹಿಡಿದು ನಿಂತ ಪೊಲೀಸಿನವರನ್ನು ಕಂಡೆವು. ಗಿರ್ಗಾಂವ್ ಚೌಪಾಟಿಯಲ್ಲಿ ಲಾಠಿಯೊಂದನ್ನೇ ಹಿಡಿದಿದ್ದ ತುಕಾರಾಮ್ ಓಂಬಳೆಯವರು ಆಗಂತುಕನ ಬಂದೂಕನ್ನು ತಬ್ಬಿಹಿಡಿದು ಪ್ರಾಣ ಕೊಟ್ಟ ಸುದ್ದಿ ಕೇಳಿದೆವು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನಲ್ಲಿ ತೀರಿಕೊಂಡರು. ಟೆಲಿವಿಷನ್ನಿನ ಮುಂದೆ ಕುಳಿತಿದ್ದ ನಮಗೆ, ಉದ್ಯೋಗದ ಚಟವೋ ಏನೋ, ಕಮಾಂಡೋಗಳ ಎದೆಯ ಮೇಲಿನ ಚೀಲಗಳ ಕಡೆಗೇ ಕಣ್ಣು ಹೋಗುತ್ತಿತ್ತು. ಎಲ್ಲಿ ಏನಿದೆ, ಯಾವ ಕೈ ಎಲ್ಲಿಗೆ ಹೋಗುತ್ತದೆ ಎಂದು. ಅಂಥ ಹೊತ್ತಿನಲ್ಲಿ ಅದನ್ನೆಲ್ಲ ಗಮನಿಸಿದ್ದಕ್ಕೆ ಒಬ್ಬರ ಮನೆಯವರು ಬೈದದ್ದೂ ಉಂಟು.

ಅದಾದ ಹಲವು ವರ್ಷಗಳ ಮೇಲೆ ಒಬ್ಬ ಗುತ್ತಿಗೆದಾರರು ನಮ್ಮ ಹೊಲಿಗೆ ಶೆಡ್ಡಿಗೆ ಬಂದು, ಇಂಥದೇ ಅಂಗಿಯನ್ನು ಹೊಲಿದುಕೊಡಬಲ್ಲಿರಾ ಎಂದು ಕೇಳಿದರು. ಎದುರಿಗೆ ಒಂದು ಮಾದರಿ ಇಟ್ಟರು. ಶಾಲೆಯ ಚೀಲ, ಪ್ರಯಾಣದ ಚೀಲ ಹೊಲಿದವರಿಗೆ ಇದೇನು ಮಹಾ ಎಂದುಕೊಂಡು ಒಪ್ಪಿಕೊಂಡೆವು. ಒಂದು ಅಂಗಿ, ಅದಕ್ಕೆ ಏಳು ಚೀಲ ಹೊಲಿದು, ಡೊಂಬಿವಿಲಿಯಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಸುಬೇದಾರರ ಮನೆಗೆ ಕೊಂಡೊಯ್ದೆವು. ಬೆಳಗಾವಿಯ ಕಡೆಯವರು, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇವೆ ಮಾಡಿದವರು. ಅಂಗಿ ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡರು, ನಕ್ಕರು, ಆಮೇಲೆ ಏನೂ ಹೇಳದೆ ಹಾಸುಗಲ್ಲಿನ ಮೇಲೆ ಬೋರಲಾದರು. ಎದೆಯ ನಡುವೆ ಸಾಲಾಗಿ ಹಾಕಿದ ಮೂರು ಗುಂಡಿನ ಚೀಲಗಳ ಮೇಲೆ ಅವರ ಮೈ ತೊಟ್ಟಿಲಿನಂತೆ ತೂಗಿತು.

“ನೋಡ್ರಿ, ನೀವು ನಿಂತ ಮನಶ್ಯಾಗ ಅಂಗಿ ಹೊಲದೀರಿ. ನಾವು ನಿಲ್ಲೂದು ಪರೇಡಿನ್ಯಾಗ ಅಷ್ಟ. ಗುಂಡು ಬರೂ ಮುಂದ ಯಾಂವ ನಿಲ್ತಾನ್ರಿ?” ಎಂದರು.

ಕಾರ್ಖಾನೆಯಲ್ಲಿ ನಾವು ಅಂಗಿಯನ್ನು ನಿಲ್ಲಿಸಿದ್ದುದು ಒಂದು ಬಟ್ಟೆಯಂಗಡಿಯ ಗೊಂಬೆಯ ಮೇಲೆ. ಗೊಂಬೆ ಎಂದೂ ಮಲಗುವುದಿಲ್ಲ.

ಚೀಲಗಳನ್ನು ಪಕ್ಕೆಯ ಕಡೆಗೆ ಸರಿಸಿದೆವು. ಬಿಡಿಜೋಡಣೆಯ ಗುಣ ನಮಗೆ ಮೊದಲು ತಿಳಿದದ್ದು ಆಗ. ಒಂದೇ ಒಂದು ಹೊಲಿಗೆಯನ್ನೂ ಬಿಚ್ಚದೆ, ಅವರ ಮನೆಯ ಜಗುಲಿಯ ಮೇಲೆ ಕಾಲು ಗಂಟೆಯಲ್ಲಿ ಇಡೀ ವಿನ್ಯಾಸವನ್ನು ಬದಲಿಸಲು ಸಾಧ್ಯವಾಯಿತು. ಮುಂದಿನ ಭಾನುವಾರ ಬೋರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗಿ ಅಲ್ಲಿಯ ಕಲ್ಲಿನ ಮೆಟ್ಟಿಲುಗಳಲ್ಲಿ ಪರೀಕ್ಷೆ ಮಾಡುವುದೆಂದು ಗೊತ್ತಾಯಿತು. ತುಂಬಿದ ಮ್ಯಾಗಜೀನು ಒಂದು ಮುಕ್ಕಾಲು ಕಿಲೋಗಿಂತ ಮೇಲೆಯೇ ತೂಗುತ್ತದೆ. ಅದಕ್ಕೆ ಬದಲಾಗಿ ಅಷ್ಟೇ ತೂಕದ ಮರಳಿನ ಪೊಟ್ಟಣಗಳನ್ನು ಕಟ್ಟಿದೆವು. ರೈಲು ನಿಲ್ದಾಣದಲ್ಲಿ ಚೀಲ ತಪಾಸಣೆಯವರು ಆ ಪೊಟ್ಟಣಗಳನ್ನು ಕಂಡು ನಮ್ಮನ್ನು ಅರ್ಧ ಗಂಟೆ ಕೂರಿಸಿದರು. ಅವರದು ತಪ್ಪೇನೂ ಅಲ್ಲ. ಸುಬೇದಾರರು ತಮ್ಮ ಹಳೆಯ ಗುರುತಿನ ಕಾಗದ ತೋರಿಸಿದ ಮೇಲೆ ಚಹಾ ಕೊಟ್ಟು ಕಳುಹಿಸಿದರು.

ಕಾನ್ಹೇರಿಯಲ್ಲಿ ತಿಳಿದುಬಂದದ್ದು ಹೆಗಲಿನ ವಿಷಯ. 18 ಕಿಲೋ ಹೊತ್ತು ಅರ್ಧ ಗಂಟೆ ಹತ್ತಿಳಿದಾಗ ಸುಬೇದಾರರ ಬೆರಳುಗಳು ಜೋಮು ಹಿಡಿದುವು. ಪಟ್ಟಿ ಹೆಗಲಿನ ಒಳಭಾಗವನ್ನು ಒತ್ತಿದರೆ ಕೈಗೆ ಹೋಗುವ ನರ, ರಕ್ತನಾಳಗಳು ಬಿಗಿಯುತ್ತವೆ. ಜೋಮು ಹಿಡಿದ ಬೆರಳು ಬಂದೂಕಿನ ಕುದುರೆಯನ್ನು ಎಳೆಯುವುದೆಂತು? ಪಟ್ಟಿಗೆ ಇನ್ನಷ್ಟು ಮೆತ್ತೆ ಹಾಕೋಣವೆಂದು ನಾವು ಚರ್ಚೆ ಮಾಡುತ್ತಿದ್ದಾಗ ಪರಿಹಾರ ಹೇಳಿದವರು ನಮ್ಮ ಶೆಡ್ಡಿನ ಹೊಲಿಗೆಯಾಕೆ. ಕಲಬುರಗಿಯ ಕಡೆಯವರು. ಹದಿನೈದನೆಯ ವಯಸ್ಸಿನಲ್ಲಿ ತಾಯಿಯೊಡನೆ ಈ ಊರಿಗೆ ಬಂದು, ಅಂಧೇರಿ, ಕಾಂದಿವಲಿಗಳ ಕಟ್ಟಡಗಳಲ್ಲಿ ಮರಳು ಹೊತ್ತು, ಆಮೇಲೆ ಹೊಲಿಗೆ ಕಲಿತವರು.

“ಅಣ್ಣಾರೆ, ಹೆಗಲಿಗಿ ಎಷ್ಟ ಅರಬಿ ತುರಕಿದ್ರೂ ಅಷ್ಟೇರಿ. ಹೊರಿ ಟೊಂಕದ ಮ್ಯಾಲ ಕೂಡಬೇಕು. ನಮ್ಮವ್ವ ಕೂಸಿನ್ನ ಎಲ್ಲಿ ಎತ್ಕೋತಿದ್ಳು ಹೇಳ್ರಿ” ಎಂದರು.

ಪಾಶ್ಚಾತ್ಯರ ಪುಸ್ತಕಗಳಲ್ಲಿ ಸೊಂಟಪಟ್ಟಿಯ ಅಧ್ಯಾಯಗಳೇ ಇವೆ. ಸೊಂಟದ ಎಲುಬಿನ ಮೇಲೆ ಅಗಲವಾದ ಪಟ್ಟಿ ಬಿಗಿದು, ಬೆನ್ನಿನ ಚೌಕಟ್ಟಿನ ಮೂಲಕ ಭಾರವನ್ನು ಅಲ್ಲಿಗೆ ಇಳಿಸಿದರೆ ಹೆಗಲಿಗೆ ಉಳಿಯುವುದು ತೂಗಾಡದಂತೆ ಹಿಡಿದುಕೊಳ್ಳುವ ಕೆಲಸ ಮಾತ್ರ. ನಾವು ಅದನ್ನು ಓದಿದ್ದೆವು, ಆದರೆ ಅಗ್ಗವಾಗಲೆಂದು ಸೊಂಟಪಟ್ಟಿಯನ್ನು ಸಣ್ಣಗೆ ಮಾಡಿದ್ದೆವು. ಆಕೆ ಹೇಳಿದ ಮೇಲೆ ಅದನ್ನು ಎರಡರಷ್ಟು ಅಗಲ ಮಾಡಿದೆವು. ಭಾರವನ್ನು ಮೈಯ ನಡುವಿಗೆ ಹತ್ತಿರ ತರಬೇಕೆಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಪಾದದ ಮೇಲಿನ ಭಾರ ಬೆನ್ನಿನ ಮೇಲಿನ ಅಷ್ಟೇ ಭಾರಕ್ಕಿಂತ ನಾಲ್ಕಾರು ಪಟ್ಟು ಹೆಚ್ಚು ದಣಿಸುತ್ತದೆಂದು 1969ರಲ್ಲೇ ಅಳೆದಿದ್ದಾರೆ. ಸೈನಿಕನ ಬೂಟಿನಲ್ಲಿ ಉಳಿಸಿದ ಕಾಲು ಕಿಲೋ ಅವನ ಚೀಲದಲ್ಲಿ ಉಳಿಸಿದ ಒಂದು ಕಿಲೋಗೆ ಸಮ.

ಆಕೆಯಿಂದಲೇ ಇನ್ನೊಂದು ಪ್ರಶ್ನೆ ಬಂದಿತು. ಈ ಅಂಗಿ ಹೆಂಗಸಿಗೆ ಹ್ಯಾಂಗ ಆಗ್ತದ ಎಂದು. ಆಗುವುದಿಲ್ಲ. ಎದೆಯ ಮೇಲಿನ ಪಟ್ಟಿ ಎಲ್ಲಿ ಹೋಗಬೇಕು, ಸೊಂಟದ ಇಳಿಜಾರು ಯಾವ ಕೋನದಲ್ಲಿದೆ, ಬೆನ್ನಿನ ಉದ್ದವೆಷ್ಟು, ಎಲ್ಲವೂ ಬೇರೆ. ಗಂಡಸಿನ ಅಂಗಿಯ ಸಣ್ಣ ಅಳತೆಯನ್ನು ಕೊಟ್ಟು ಹೆಂಗಸಿಗೂ ಆಯಿತು ಎನ್ನುವುದು ಎಲ್ಲ ದೇಶಗಳಲ್ಲೂ ಬಹುಕಾಲ ನಡೆದ ಸೋಮಾರಿತನ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಶಾಲೆಯಿಂದ 83 ಹೆಣ್ಣುಮಕ್ಕಳ ಮೊದಲ ತಂಡ ಸಿಪಾಯಿಗಳಾಗಿ ಹೊರಬಂದಿತು. ಇನ್ನು ಮುಂದೆ ಇದನ್ನು ಯೋಚಿಸದೆ ಕತ್ತರಿ ಹಿಡಿಯುವವರು ದರ್ಜಿಗಳಲ್ಲ.

ಈಗ ನಮ್ಮ ತಪ್ಪಿನ ಕಥೆಗೆ ಬರೋಣ. ಇದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ ಹಾಕಿದೆವೆಂದರೂ ಸರಿಯೇ.

ತಿದ್ದಿದ ಮಾದರಿಯನ್ನು ಗುತ್ತಿಗೆದಾರರು ಒಪ್ಪಿಕೊಂಡು ಮೊದಲ ಕಂತಿಗೆ ಅರವತ್ತು ಅಂಗಿ ಕೇಳಿದರು. ಎರಡು ತಿಂಗಳಲ್ಲಿ ಹೊಲಿದು ಮುಗಿಸಿದೆವು. ಎಲ್ಲ ಚೀಲಗಳನ್ನೂ ಹಾಕಿ, ತೆಗೆದು, ಜಗ್ಗಿ ನೋಡಿದೆವು. ಎಲ್ಲವೂ ಸರಿಯಾಗಿ ಕೂಡಿದುವು. ಆ ವಾರವೇ ನಮ್ಮಲ್ಲಿ ಒಬ್ಬರ ಅಕ್ಕನ ಮಗ ರಜೆಯ ಮೇಲೆ ಊರಿಗೆ ಹೋಗುವ ದಾರಿಯಲ್ಲಿ ಮುಂಬಯಿಯಲ್ಲಿ ಇಳಿದ. ಅವನು ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್, ಗಾಯವಾದವರಿಗೆ ಮೊದಲ ಶುಶ್ರೂಷೆ ಮಾಡುವವನು. ಅಂಗಿಗಳ ರಾಶಿ ನೋಡಿ ಸಂತೋಷಪಟ್ಟು, ತನ್ನ ಗಂಟಿನಿಂದ ಅಗಲವಾದ ಒಂದು ಔಷಧದ ಚೀಲ ತೆಗೆದು ನಮ್ಮ ಅಂಗಿಗೆ ಪೋಣಿಸಲು ಕುಳಿತ. ಮೊದಲ ನಾಲಿಗೆ ಹೋಯಿತು, ಎರಡನೆಯದು ಹೋಯಿತು. ಮೂರನೆಯದನ್ನು ಬಲವಾಗಿ ತುರುಕಬೇಕಾಯಿತು. ಕೊನೆಯದು ಹೋಗಲೇ ಇಲ್ಲ. ಹುಡುಗ ಏನೂ ಮಾತಾಡದೆ ಜೇಬಿನಿಂದ ಸುತ್ತಲಿ ದಾರ ತೆಗೆದು ಆ ತುದಿಯನ್ನು ಕಟ್ಟಿದ.

ಅಳೆದು ನೋಡಿದೆವು. ಒಂದೂವರೆ ಇಂಚು ಎಂದರೆ 38 ಮಿಲಿಮೀಟರು. ನಮ್ಮ ಗುರುತು ಹಾಕುವ ಹಲಗೆಯನ್ನು ಕೊರೆದಾಗ ಇಂಚಿನ ಲೆಕ್ಕವನ್ನು ಸೆಂಟಿಮೀಟರಿಗೆ ಇಳಿಸುವಲ್ಲಿ ಅಂದಾಜು ಮಾಡಿ ಮೂರೂವರೆ ಎಂದು ಹಿಡಿದಿದ್ದೆವು. ಪ್ರತಿ ಮನೆಗೆ 3 ಮಿಲಿಮೀಟರು ಕಡಿಮೆ. ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಅದು ಕಾಣುವುದಿಲ್ಲ, ಪೊಳ್ಳಿನಲ್ಲಿರುವ ಸಡಿಲ ಅದನ್ನು ನುಂಗಿಬಿಡುತ್ತದೆ. ಐದು ಮನೆ ದಾಟುವ ಹೊತ್ತಿಗೆ 15 ಮಿಲಿಮೀಟರು ತಪ್ಪುತ್ತದೆ. ಹಾಗಾದರೆ ನಮ್ಮ ಚೀಲಗಳು ಅಷ್ಟು ಚೆನ್ನಾಗಿ ಕೂಡಿದ್ದು ಹೇಗೆ? ಅವನ್ನು ಗುರುತು ಮಾಡಿದ್ದೂ ಅದೇ ಹಲಗೆಯಿಂದ. ನಮ್ಮ ತಪ್ಪಿಗೆ ನಮ್ಮ ತಪ್ಪೇ ಸರಿಹೊಂದಿತ್ತು. ಹೊರಗಿನವನ ಚೀಲ ಬರುವವರೆಗೆ ಅದು ತಪ್ಪೆಂದು ಗೊತ್ತಾಗುವ ಹಾಗೇ ಇರಲಿಲ್ಲ.

ಬಿಡಿಜೋಡಣೆಯ ಹೃದಯ ಇರುವುದು ಇಲ್ಲಿ. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರು ದರ್ಜಿಗಳು, ಒಬ್ಬ ಕಾನ್ಪುರದಲ್ಲಿ, ಒಬ್ಬ ಧಾರಾವಿಯಲ್ಲಿ ಕುಳಿತು ಹೊಲಿದದ್ದು ಮೂರನೆಯವನೊಬ್ಬನ ಎದೆಯ ಮೇಲೆ ಕೂಡಬೇಕು. ಅವರಿಬ್ಬರ ನಡುವೆ ಇರುವ ಸಂಬಂಧವೆಂದರೆ ಒಂದು ಅಳತೆ ಮಾತ್ರ. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಒಬ್ಬ ಡಬ್ಬಾವಾಲ ತನ್ನ ಅಂದಾಜಿನಂತೆ ಬರೆದರೆ ನರಿಮನ್ ಪಾಯಿಂಟಿನ ಗುಮಾಸ್ತನಿಗೆ ಬೇರೆಯವರ ಮನೆಯ ಊಟ ಬರುತ್ತದೆ, ಅಷ್ಟಕ್ಕೆ ಮುಗಿಯಿತು. ಇಲ್ಲಿ ಬಂದು ಬಡಿಯುವುದು ಊಟದ ಮೇಲಲ್ಲ.

ಗುತ್ತಿಗೆದಾರರಿಗೆ ವಿಷಯ ತಿಳಿಸಿದೆವು. ನಿಮ್ಮ ಚೀಲ ನಿಮ್ಮ ಅಂಗಿಗೆ ಕೂಡುತ್ತದಲ್ಲ, ಇನ್ನೇನು, ಕಳುಹಿಸಿಬಿಡಿ ಎಂದರು. ಅಂದು ರಾತ್ರಿ ಮೂವರೂ ಶೆಡ್ಡಿನಲ್ಲಿ ಕುಳಿತು ಲೆಕ್ಕ ಹಾಕಿದೆವು. ಕಳುಹಿಸಬಾರದೆಂದು ನಮ್ಮಲ್ಲಿ ಮೊದಲಿನಿಂದಲೂ ಒಮ್ಮತವಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನೈಲಾನು ಸಾಲದಲ್ಲಿ ತಂದದ್ದು, ಕೂಲಿ ಕೊಟ್ಟಾಗಿತ್ತು, ಒಬ್ಬರ ಮಗಳ ಮದುವೆ ಮುಂದಿನ ತಿಂಗಳಿತ್ತು. ಹುಡುಗ ಮೂಲೆಯಲ್ಲಿ ಕುಳಿತು ತನ್ನ ಚೀಲ ಬಿಚ್ಚುತ್ತಿದ್ದ. ಯಾರೋ ಅವನನ್ನು ಕೇಳಿದರು, ದಾರದಲ್ಲಿ ಕಟ್ಟಿಕೊಂಡರೆ ಸಾಕಾಗುವುದಿಲ್ಲವೇ ಎಂದು.

“ಸಾಕಾಗ್ತದ ಮಾಮಾ,” ಎಂದ. “ಆದ್ರ ಈ ಚೀಲದಾಗಿಂದು ನನ್ನ ಸಲುವಾಗಿ ಅಲ್ಲ.”

ಅರವತ್ತು ಅಂಗಿಗಳೂ ಶೆಡ್ಡಿನಲ್ಲಿ ಉಳಿದುವು. ಗುತ್ತಿಗೆ ಬೇರೆಯವರಿಗೆ ಹೋಯಿತು. ಸಾಲ ತೀರಿಸಲು ಮೂರು ವರ್ಷ ಶಾಲೆಯ ಚೀಲ ಹೊಲಿದೆವು. ಮದುವೆ ನಡೆಯಿತು, ಸ್ವಲ್ಪ ಚಿಕ್ಕದಾಗಿ.

ಹಿಂದೆ ಬಿಟ್ಟ ಮಾತೊಂದು ಉಳಿದಿದೆ. ಎಷ್ಟೇ ಜಾಣತನದಿಂದ ಹೊಲಿದರೂ ಸಜ್ಜು ಭಾರವನ್ನು ಹಂಚುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ತಿರುಗಾ ಹೇಳಬೇಕೆಂದರೆ, ಒಳ್ಳೆಯ ಸಜ್ಜು ಭಾರವನ್ನು ಹೆಚ್ಚಿಸುವ ಸಂಭವವೇ ಹೆಚ್ಚು. ಅಂಗಿಯ ಮೇಲೆ ಖಾಲಿ ಪೊಳ್ಳು ಕಂಡರೆ ಅಲ್ಲಿ ಏನಾದರೊಂದು ತೂಗುಹಾಕಬೇಕೆಂದು ಮೇಲಿನವರಿಗೂ ಅನಿಸುತ್ತದೆ, ಸಿಪಾಯಿಗೂ ಅನಿಸುತ್ತದೆ. ನಮ್ಮ ಅಟ್ಟದ ಹಾಗೆ. ಅಮೆರಿಕದ ಮಾರ್ಷಲ್ ಎಂಬವರು 1950ರಲ್ಲಿ ಬರೆದ ಪುಸ್ತಕದಲ್ಲಿ ಮೈತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೇರಿದರೆ ಸೈನಿಕನ ಧೈರ್ಯವೇ ದಣಿಯುತ್ತದೆಂದು ವಾದಿಸಿದರು. ಎಲ್ಲರೂ ತಲೆದೂಗಿದರು, ಯಾವ ಸೈನ್ಯವೂ ಪಾಲಿಸಲಿಲ್ಲ. ಗುಂಡು ತಡೆಯುವ ಕವಚ ಬಂದ ಮೇಲಂತೂ ಲೆಕ್ಕವೇ ಬೇರೆಯಾಯಿತು. ನಮ್ಮ ಸೈನ್ಯಕ್ಕಾಗಿ 2018ರ ಏಪ್ರಿಲಿನಲ್ಲಿ 1,86,138 ಕವಚಗಳ ಕರಾರಾಯಿತು, ಅದೇ ವರ್ಷ ದೇಶದ್ದೇ ಆದ ಮಾನಕವೂ ಬಂದಿತು. ಪ್ರಾಣ ಉಳಿಸುವ ಆ ಭಾರವನ್ನು ಬೇಡವೆನ್ನುವವರು ಯಾರು? ಬೇಡವೆನ್ನಬೇಕಾದದ್ದು ಉಳಿದ ಸಾಮಾನುಗಳಿಗೆ. ಕಾರ್ಗಿಲ್ಲಿನ ಟೈಗರ್ ಹಿಲ್ಲು ಹದಿನಾರು ಸಾವಿರ ಅಡಿಗೂ ಎತ್ತರ. 1999ರಲ್ಲಿ ಅಂಥ ಶಿಖರಗಳಿಗೆ ರಾತ್ರಿ ಹಗ್ಗ ಹಿಡಿದು ಹತ್ತಿದವರು ಬುತ್ತಿ ಕಡಿಮೆ ಮಾಡಿ ಗುಂಡು ಹೆಚ್ಚು ಒಯ್ದರೆಂದು ನಮ್ಮ ಸುಬೇದಾರರು ಹೇಳುತ್ತಿದ್ದರು. ಆ ನಿರ್ಧಾರವನ್ನು ಯಾವ ದರ್ಜಿಯೂ ಅವರ ಪರವಾಗಿ ಮಾಡಲಾರ. ಬೇಗ ಮಾಡಲು, ಬೇಗ ಬದಲಿಸಲು ಅನುಕೂಲ ಮಾಡಿಕೊಡಬಹುದು, ಅಷ್ಟೆ.

ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇವೆ. ಸಿಪಾಯಿಯ ಬೆನ್ನಿನ ಬಗ್ಗೆ ದೆಹಲಿಯ ರಕ್ಷಣಾ ಶರೀರವಿಜ್ಞಾನ ಸಂಸ್ಥೆಯಲ್ಲಿ ಓಡುಪಟ್ಟಿಯ ಮೇಲೆ ನಡೆಸಿ ಅಳೆಯುತ್ತಾರೆ. ಅದು ಆಗಬೇಕಾದ್ದೇ. ಆದರೆ ಮಸೀದಿ ಬಂದರಿನ ಹಮಾಲನ ಬೆನ್ನೂ ಬೆನ್ನೇ. ಅವನ ಹೆಸರೇ ಮಾಥಾಡಿ, ತಲೆಯ ಮೇಲೆ ಹೊರುವವನು. ಅವನಿಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಕಾನೂನು ಆಯಿತು, ಕೂಲಿ, ಭವಿಷ್ಯನಿಧಿಗಳ ಏರ್ಪಾಡಾಯಿತು. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗಂಡಾಳಿಗೆ 55 ಕಿಲೋ ಮಿತಿಯೆಂದು ಶಿಫಾರಸು ಮಾಡಿತು. ಮಿತಿ ಹೇಳಿದವರುಂಟು. ಹೆಗಲಿಗೆ ಒಂದು ಒಳ್ಳೆಯ ಪಟ್ಟಿ ಹೊಲಿದುಕೊಟ್ಟವರನ್ನು ನಾವು ಕಾಣೆವು. ನಮ್ಮ ಕಲಬುರಗಿ, ವಿಜಾಪುರಗಳ ಹೆಂಗಸರು ಈ ನಗರದ ಕಟ್ಟಡಗಳಲ್ಲಿ ಇಂದಿಗೂ ಸಿಂಬೆಯ ಮೇಲೆಯೇ ಮರಳು ಏರಿಸುತ್ತಿದ್ದಾರೆ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆ ಅರವತ್ತರಲ್ಲಿ ಒಂದು ಅಂಗಿಯನ್ನು ತಂದು ಸಭಾಂಗಣದ ಹೊರಗೆ ಪುಸ್ತಕದ ಮೇಜಿನ ಪಕ್ಕದಲ್ಲಿ ಇಟ್ಟಿದ್ದೇವೆ. ಉಪಾಹಾರಕ್ಕೆ ಮುಂಚೆ ತೊಟ್ಟು ನೋಡಿರಿ, ಮಕ್ಕಳಿಗೂ ತೊಡಿಸಿರಿ. ಎಡಗಡೆ ಒಂದು ಅಗಲವಾದ ಚೀಲವಿದೆ, ಅದರ ಕೊನೆಯ ನಾಲಿಗೆ ಪೊಳ್ಳಿನೊಳಗೆ ಹೋಗಿಲ್ಲ. ದಾರ ಕಟ್ಟಿದೆ. ಅದನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿರಿ.